ಗಾಳಿ ಬಾರದ ಹೊತ್ತಿನ ಹಾರಾಟ

"ಗಾಳಿ ಬಂದಾಗ ತೂರಿಕೋ" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಣದ ನಡುವೆ ರಾಶಿ ಹಾಕಿಕೊಂಡು, ಬುಟ್ಟಿಯನ್ನು ತಲೆಗಿಂತ ಮೇಲಕ್ಕೆತ್ತಿ, ಗಾಳಿಯ ದಾರಿ ಕಾಯುತ್ತ ನಿಂತ ಒಕ್ಕಲಿಗನ ಅನುಭವದಿಂದ ಹುಟ್ಟಿದ ಮಾತದು. ಗಾಳಿ ಬಂದಾಗ ಮಾಡತಕ್ಕದ್ದೇನೆಂಬುದನ್ನು ಗಾದೆ ಹೇಳಿತು. ಬಾರದಿದ್ದಾಗ ಮಾಡತಕ್ಕದ್ದೇನೆಂಬುದನ್ನು ಹೇಳದೆ ಬಿಟ್ಟಿತು. ಬಾಳಿನಲ್ಲಿ ಗಾಳಿ ಬರುವ ದಿನಗಳಿಗಿಂತ ಬಾರದ ದಿನಗಳೇ ಹೆಚ್ಚೆಂಬುದನ್ನು ಸಂಸಾರ ನಡೆಸಿದವರೆಲ್ಲರೂ ಬಲ್ಲರು. ಈ ತಿಂಗಳು ನಾವು ಬರೆಯಹೊರಟಿರುವುದು ಹೇಳದೆ ಉಳಿದ ಆ ಅರ್ಧವನ್ನು ಕುರಿತು. ಅದನ್ನು ನಮಗೆ ತಿಳಿಸಿಕೊಟ್ಟುದು ಎಂಜಿನಿಲ್ಲದ ವಿಮಾನವನ್ನು ನಡೆಸುವ ವಿದ್ಯೆ ಎಂದರೆ ವಾಚಕರಿಗೆ ಆಶ್ಚರ್ಯವೆನಿಸಬಹುದು.

ಪ್ರಸಂಗವನ್ನು ಮೊದಲಿನಿಂದ ಹೇಳುವುದು ಒಳಿತು. ನಿಡಸೋಸಿಯಲ್ಲಿ ನಮ್ಮ ನೆರೆಮನೆಯ ಹುಡುಗನೊಬ್ಬ ಎಂಜಿನಿಯರಿಂಗ್ ಓದುತ್ತಿದ್ದಾನೆ. ಒಬ್ಬನೇ ಮಗ. ತಂದೆಯಿಲ್ಲ. ಎರಡು ಎಕರೆ ಕಬ್ಬನ್ನೂ ನಾಲ್ಕು ಎಮ್ಮೆಗಳನ್ನೂ ನೋಡಿಕೊಂಡು ತಾಯಿಯೇ ಅವನನ್ನು ಓದಿಸುತ್ತಿದ್ದಾಳೆ. ಒಂದು ದಿನ ಮಧ್ಯಾಹ್ನ ಆಕೆ ನಮ್ಮ ಕಟ್ಟೆಗೆ ಬಂದು, ಸೆರಗಿನಿಂದ ಮುಖವನ್ನೊರಸಿಕೊಂಡು, ಹೀಗೆಂದಳು:

"ಕಾಕಾರ, ನಮ್ಮ ಹುಡುಗಗ ಏನೋ ಹುಚ್ಚ ಹಿಡದೈತ್ರಿ. ಎಂಜಿನ್ನಿಲ್ಲದ ವಿಮಾನಾ ಅಂತ. ಅದನ್ನ ಹಾರಸೂದು ಕಲೀತಾನಂತ. ಊರಿಂದ ಊರಿಗೆ ಪಂದ್ಯಾನೂ ಇರತಾವಂತ. ಗಾಳಿ ನಿಂತ್ರ ಏನ್ ಗತಿರಿ? ನೀವರ ನಾಕ ಮಾತ ಬುದ್ಧಿ ಹೇಳ್ರಿ."

ಬುದ್ಧಿ ಹೇಳುವುದಕ್ಕೆ ಮೊದಲು ವಿಷಯವನ್ನು ತಿಳಿದಿರಬೇಕಷ್ಟೆ. ಎಂಟು ದಿನ ಸಮಯ ಕೊಡೆಂದು ಹೇಳಿ ಆಕೆಯನ್ನು ಕಳುಹಿಸಿದೆವು. ಆ ಎಂಟು ದಿನಗಳಲ್ಲಿ ನಾವು ಓದಿ ತಿಳಿದುದರ ಸಾರವೇ ಈ ಲೇಖನ.

ಎಂಜಿನಿಲ್ಲದ ಈ ವಿಮಾನಕ್ಕೆ ಗ್ಲೈಡರು ಎಂದು ಹೆಸರು. ನೀಳವಾದ ಎರಡು ರೆಕ್ಕೆಗಳು, ಕಿರಿದಾದ ಮೈ, ಒಬ್ಬರೋ ಇಬ್ಬರೋ ಕುಳಿತುಕೊಳ್ಳುವಷ್ಟು ಎಡೆ. ಉಕ್ಕಿನ ಹಗ್ಗವನ್ನು ಯಂತ್ರದ ರಾಟೆಗೆ ಸುತ್ತಿ ಎಳೆದು, ಗಾಳಿಪಟವನ್ನು ಏರಿಸುವಂತೆ ಇದನ್ನು ಮೇಲಕ್ಕೇರಿಸುವರು. ಇಲ್ಲವೆ ಎಂಜಿನಿರುವ ವಿಮಾನವೊಂದು ಹಗ್ಗ ಕಟ್ಟಿ ಎಳೆದೊಯ್ಯುವುದು. ಮೇಲೆ ಹೋದಮೇಲೆ ಹಗ್ಗವನ್ನು ಬಿಡುವರು. ಆ ಕ್ಷಣದಿಂದ ಗ್ಲೈಡರು ಇಳಿಯುತ್ತಲೇ ಇರುತ್ತದೆ. ಹಾಗೆಂದು ಕಲ್ಲಿನಂತೆ ಬೀಳುವುದಿಲ್ಲ. ಇಳಿಜಾರಿನಲ್ಲಿ ಬಿಟ್ಟ ಬಂಡಿಯಂತೆ ಮುಂದಕ್ಕೆ ಜಾರುತ್ತ ಇಳಿಯುತ್ತದೆ. ಹಳೆಯ ಕಾಲದ ಇಬ್ಬರು ಕೂರುವ ಗ್ಲೈಡರುಗಳು 1 ಕಿಲೋಮೀಟರು ಎತ್ತರವನ್ನು ಕಳೆದುಕೊಳ್ಳುವಷ್ಟರಲ್ಲಿ ಸುಮಾರು 20 ಕಿಲೋಮೀಟರು ಮುಂದೆ ಸಾಗುತ್ತಿದ್ದವು. ಇಂದಿನ ಪಂದ್ಯದ ಗ್ಲೈಡರುಗಳು 40ರಿಂದ 60 ಕಿಲೋಮೀಟರುಗಳವರೆಗೂ ಸಾಗುವವು.

ಆದುದರಿಂದ "ಗಾಳಿ ನಿಂತರೆ ಏನು ಗತಿ" ಎಂಬ ತಾಯಿಯ ಪ್ರಶ್ನೆಗೆ ಮೊದಲ ಉತ್ತರ ಇಷ್ಟೇ: ಗಾಳಿ ನಿಂತರೆ ಗ್ಲೈಡರು ಬೀಳುವುದಿಲ್ಲ, ಮೆಲ್ಲಗೆ ಇಳಿಯುತ್ತದೆ. ಎಲ್ಲಿ ಇಳಿಯಬೇಕೆಂಬುದನ್ನು ನಡೆಸುವವನು ಮುಂಚಿತವಾಗಿಯೇ ಆರಿಸಿಕೊಂಡಿದ್ದರೆ ಭಯ ಕಡಿಮೆ. ಆರಿಸಿಕೊಂಡಿರದಿದ್ದರೆ ಭಯ ಹೆಚ್ಚು. ಮುಂದೆ ಬರುವ ಮಾತೆಲ್ಲವೂ ಈ ಒಂದು ಮಾತಿನ ವಿಸ್ತಾರವೇ.

ಇಳಿಯುತ್ತಲೇ ಇರುವ ವಾಹನವು ನೂರಾರು ಕಿಲೋಮೀಟರು ಹೋಗುವುದು ಹೇಗೆಂದು ಕೇಳಬಹುದು. ಉತ್ತರವು ನಮ್ಮ ತಲೆಯ ಮೇಲೆಯೇ ಇದೆ. ವೈಶಾಖದ ಮಧ್ಯಾಹ್ನ ಅಂಗಳಕ್ಕೆ ಬಂದು ಮೇಲೆ ನೋಡಿರಿ. ಕಬ್ಬು ಕಡಿದು ರವದಿ ಸುಟ್ಟ ಹೊಲದ ಮೇಲೆ ಹದ್ದುಗಳು ಸುತ್ತುತ್ತಿರುತ್ತವೆ. ರೆಕ್ಕೆ ಬಡಿಯುವುದಿಲ್ಲ, ಆದರೂ ಸುತ್ತುಸುತ್ತಿಗೂ ಮೇಲೇರುತ್ತವೆ. ಬಿಸಿಲಿಗೆ ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಕಾದು ಹಗುರಾಗುತ್ತದೆ. ಒಲೆಯ ಮೇಲಿನ ಹೊಗೆಯಂತೆ ಕಂಬವಾಗಿ ಮೇಲಕ್ಕೇಳುತ್ತದೆ. ಹೊಲದಲ್ಲಿ ಧೂಳನ್ನೂ ಒಣಗಿದೆಲೆಯನ್ನೂ ತಿರುಗಿಸುತ್ತ ಓಡುವ ಸುಳಿಗಾಳಿಯೂ ಇಂತಹ ಕಂಬದ ಬುಡವೇ ಆಗಿರುವುದುಂಟು. ಹದ್ದು ಆ ಕಂಬದೊಳಗೆ ಸುತ್ತಿ ಎತ್ತರವನ್ನು ಸಂಪಾದಿಸುತ್ತದೆ. ಸಾಕಷ್ಟು ಏರಿದಮೇಲೆ ಮುಂದಿನ ಕಂಬದ ಕಡೆಗೆ ಜಾರುತ್ತದೆ. ಗ್ಲೈಡರು ಮಾಡುವುದೂ ಇದನ್ನೇ. ನಮ್ಮ ದೇಶದ ಹದ್ದುಗಳ ಈ ವಿದ್ಯೆಯನ್ನು ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ಸೂಕ್ಷ್ಮಜೀವಿ ಶಾಸ್ತ್ರಜ್ಞರು ವರ್ಷಗಟ್ಟಲೆ ನೋಡಿ ಗುರುತುಮಾಡಿಕೊಂಡು, 1913ರಲ್ಲಿ ಪ್ರಾಣಿಗಳ ಹಾರಾಟವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಬೆಳಿಗ್ಗೆ ನೆಲ ಕಾಯುವವರೆಗೂ ಈ ಹಕ್ಕಿಗಳು ಮರದ ಮೇಲೆಯೇ ಕುಳಿತು ಕಾಯುವವು. ಹಗುರವಾದ ಹದ್ದು ಮೊದಲು ಹೊರಡುವುದು. ಭಾರವಾದ ರಣಹದ್ದು ಗಾಳಿ ಬಲಿತಮೇಲೆ ಹೊರಡುವುದು. ತನ್ನ ಭಾರವೆಷ್ಟೆಂಬುದನ್ನು ಹಕ್ಕಿ ಬಲ್ಲದು.

ಹದ್ದಿಗೆ ಏರುಗಾಳಿ ಮೈಗೇ ತಿಳಿಯುತ್ತದೆ; ಮನುಷ್ಯನಿಗೆ ತಿಳಿಯುವುದಿಲ್ಲ. ಕಂಬದೊಳಕ್ಕೆ ಹೊಕ್ಕಾಗಿನ ನೂಕು ಮಾತ್ರ ತಿಳಿದೀತು. ಆಮೇಲೆ ಒಂದೇ ಸಮನೆ ಏರುತ್ತಿದ್ದೇವೆಯೋ ಇಳಿಯುತ್ತಿದ್ದೇವೆಯೋ ಎಂಬುದು ಕಣ್ಣುಮುಚ್ಚಿದವನಿಗೆ ಗೊತ್ತಾಗದು. ಇದಕ್ಕಾಗಿ ವೇರಿಯೋಮೀಟರು ಎಂಬ ಉಪಕರಣವನ್ನು ಬಳಸುವರು. ಅದರ ಹಳೆಯ ರೂಪ ಗೃಹಿಣಿಯರಿಗೂ ಪರಿಚಿತವಾದುದೇ: ಚಹ ಬಿಸಿಯಾಗಿಡುವ ಫ್ಲಾಸ್ಕಿನಂತಹ ಒಂದು ಪಾತ್ರೆ, ಅದಕ್ಕೊಂದು ಸಣ್ಣ ಕೊಳವೆ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ತಗ್ಗುತ್ತದೆ. ಪಾತ್ರೆಯೊಳಗಿನ ಗಾಳಿ ಕೊಳವೆಯಿಂದ ಹೊರಕ್ಕೆ ಹರಿಯುತ್ತದೆ. ಇಳಿದಂತೆ ಹೊರಗಿನ ಗಾಳಿ ಒಳಕ್ಕೆ ಹರಿಯುತ್ತದೆ. ಆ ಹರಿವನ್ನು ಮುಳ್ಳೊಂದು ತೋರಿಸುತ್ತದೆ. ಆಸ್ಟ್ರಿಯದ ರಾಬರ್ಟ್ ಕ್ರೋನ್‌ಫೆಲ್ಡ್ ಎಂಬುವರು ಈ ಉಪಕರಣವನ್ನು ಜೊತೆಗೊಯ್ದು, 1929ರಲ್ಲಿ ಜರ್ಮನಿಯ ಗುಡ್ಡಗಳ ಮೇಲೆ 100 ಕಿಲೋಮೀಟರುಗಳಿಗೂ ಮಿಗಿಲಾದ ದೂರವನ್ನು ಹಾರಿದರು. ಅಂದಿನಿಂದ ಈ ವಿದ್ಯೆಯ ಕಟ್ಟು ಬಿಚ್ಚಿತು. 1972ರಲ್ಲಿ ಜರ್ಮನಿಯ ಹಾನ್ಸ್ ವರ್ನರ್ ಗ್ರೋಸೆ ಎಂಬುವರು 1,460 ಕಿಲೋಮೀಟರು ಹಾರಿ ಫ್ರಾನ್ಸಿನ ಕಡಲತೀರದಲ್ಲಿಳಿದರು. 2018ರಲ್ಲಿ ಅರ್ಜೆಂಟೀನದ ಪರ್ವತಗಳ ಗಾಳಿಯಲೆಯನ್ನೇರಿದ ಪರ್ಲನ್ ಎಂಬ ಗ್ಲೈಡರು 22 ಕಿಲೋಮೀಟರುಗಳಿಗೂ ಮೇಲಕ್ಕೆ ಹೋಯಿತು.

ಇವು ದೊಡ್ಡವರ ದಾಖಲೆಗಳಾದವು. ಪಂದ್ಯದ ಮರ್ಮವನ್ನು ತಿಳಿಯಲು ನಮ್ಮ ಸೀಮೆಯ ಮೇಲೆಯೇ ಒಂದು ದಾರಿಯನ್ನು ಕಲ್ಪಿಸಿಕೊಳ್ಳೋಣ. ನಿಡಸೋಸಿಯಿಂದ ಹೊರಟು ಹುಕ್ಕೇರಿಯ ಮೇಲೆ ಹಾಯ್ದು ಗೋಕಾಕದ ಜಲಪಾತ. ಅಲ್ಲಿಂದ ತಿರುಗಿ ಚಿಕ್ಕೋಡಿ. ಚಿಕ್ಕೋಡಿಯಿಂದ ಮರಳಿ ನಿಡಸೋಸಿ. ಗಾಳಿದಾರಿಯಲ್ಲಿ ಒಟ್ಟು ಸುಮಾರು 80 ಕಿಲೋಮೀಟರು. ಪಂದ್ಯಗಳಲ್ಲಿ ಹೀಗೆಯೇ ತ್ರಿಕೋಣದ ದಾರಿಯನ್ನು ಗೊತ್ತುಮಾಡುವುದುಂಟು. ದೊಡ್ಡ ಪಂದ್ಯಗಳ ದಾರಿ ಇದರ ಮೂರು ನಾಲ್ಕು ಪಟ್ಟಿರುವುದು. ಬೇಗ ಸುತ್ತಿಬಂದವನಿಗೆ ಆ ದಿನದ ಹೆಚ್ಚಿನ ಅಂಕಗಳು. ಒಳ್ಳೆಯ ದಿನವಾದರೆ ಅವು 1,000. ನಡುವೆ ಇಳಿದವನಿಗೆ ಹೋದಷ್ಟು ದೂರಕ್ಕೆ ತಕ್ಕ ಅಂಕಗಳು. ಅನೇಕ ದಿನಗಳ ಅಂಕಗಳನ್ನು ಕೂಡಿಸಿ ಗೆದ್ದವರಾರೆಂದು ತೀರ್ಮಾನಿಸುವರು.

ಈಗ ನಿಡಸೋಸಿಯ ಮೇಲೆ 1,000 ಮೀಟರು ಎತ್ತರದಲ್ಲಿ ಹಳೆಯ ಗ್ಲೈಡರೊಂದರಲ್ಲಿ ಕುಳಿತಿದ್ದೇವೆಂದು ಭಾವಿಸೋಣ. ಎತ್ತರವೇ ನಮ್ಮ ಕಣಜ. ಹುಕ್ಕೇರಿಗೆ ಸುಮಾರು 12 ಕಿಲೋಮೀಟರು. ಅಲ್ಲಿಗೆ ಮುಟ್ಟುವಷ್ಟರಲ್ಲಿ 600 ಮೀಟರು ವೆಚ್ಚವಾಗಿ, 400 ಮೀಟರು ಮಾತ್ರ ಉಳಿದಿರುತ್ತದೆ. ದಾರಿಯಲ್ಲಿ ಇಳಿಗಾಳಿ ಸಿಕ್ಕರೆ ಅಷ್ಟೂ ಉಳಿಯದು. ಗೋಕಾಕ ಇನ್ನೂ 20 ಕಿಲೋಮೀಟರಿನಾಚೆ. ಹುಕ್ಕೇರಿಯ ಬಳಿ ಕಣಜ ತುಂಬಿಕೊಳ್ಳದಿದ್ದರೆ ಅಲ್ಲೇ ಇಳಿಯಬೇಕು. ತುಂಬಿಕೊಳ್ಳಲು ತಗಲುವ ಕಾಲವೆಷ್ಟು? ಏರುಗಾಳಿ ಸೆಕೆಂಡಿಗೆ 3 ಮೀಟರಿನಂತೆ ಎತ್ತಿದರೆ 600 ಮೀಟರನ್ನು 3 ನಿಮಿಷ 20 ಸೆಕೆಂಡುಗಳಲ್ಲಿ ಏರಬಹುದು. 1 ಮೀಟರಾದರೆ 10 ನಿಮಿಷ. ಅರ್ಧ ಮೀಟರಾದರೆ 20 ನಿಮಿಷ. ಒಳ್ಳೆಯ ದಿನಕ್ಕೂ ಕೆಟ್ಟ ದಿನಕ್ಕೂ ಅಂತರವು ಇಲ್ಲಿದೆ. ಅಷ್ಟೇ ಅಲ್ಲ. ಚಿಕ್ಕೋಡಿಯಿಂದ ಮನೆಗೆ ಮರಳುವಾಗ ಪಡುವಣ ಗಾಳಿ ಗಂಟೆಗೆ 20 ಕಿಲೋಮೀಟರಿನಂತೆ ಬೀಸುತ್ತಿದ್ದರೆ, ಆ 20 ನಿಮಿಷ ಸುತ್ತುತ್ತ ಏರುವಷ್ಟರಲ್ಲಿ ಗ್ಲೈಡರು 6 ಕಿಲೋಮೀಟರುಗಳಿಗೂ ಹೆಚ್ಚು ಹಿಂದಕ್ಕೆ ತೇಲಿಹೋಗಿರುತ್ತದೆ. ಗಳಿಸುತ್ತಿದ್ದರೂ ಕಳೆದುಕೊಳ್ಳುತ್ತಿರುವ ಸ್ಥಿತಿ ಅದು. ಬಡ್ಡಿಗೆ ಸಾಲ ತಂದು ಬೆಳೆ ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಸಿಕ್ಕ ಏರುಗಾಳಿಯಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಬಿಟ್ಟು ಮುಂದೆ ಹೋಗಬೇಕು? ಈ ಲೆಕ್ಕವನ್ನು ಅಮೆರಿಕದ ಪಾಲ್ ಮೆಕ್‌ಕ್ರೆಡಿ ಎಂಬ ವಿದ್ವಾಂಸರು 1949ರ ಸುಮಾರಿಗೆ ಎಲ್ಲರ ಕೈಗೂ ಎಟಕುವಂತೆ ಮಾಡಿದರು. ಅಂಕೆಗಳನ್ನು ಬರೆದ ಬಳೆಯೊಂದನ್ನು ವೇರಿಯೋಮೀಟರಿನ ಸುತ್ತ ಕೂರಿಸಿ, ಅದನ್ನು ತಿರುಗಿಸಿದರೆ ಎಷ್ಟು ವೇಗದಿಂದ ಮುಂದೆ ಸಾಗಬೇಕೆಂಬುದು ತಿಳಿಯುವಂತೆ ಏರ್ಪಡಿಸಿದರು. 1956ರಲ್ಲಿ ಫ್ರಾನ್ಸಿನ ಸೇಂಟ್ ಯಾನಿನಲ್ಲಿ ನಡೆದ ವಿಶ್ವಪಂದ್ಯವನ್ನು ಗೆದ್ದ ಅವರೇ, ಮುಂದೆ 1977ರಲ್ಲಿ ಮನುಷ್ಯನು ಕಾಲಿನಿಂದ ತುಳಿದು ಹಾರಿಸುವ ವಿಮಾನವನ್ನೂ ನಿರ್ಮಿಸಿ ಕೀರ್ತಿ ಪಡೆದರು. ಅವರ ಲೆಕ್ಕದ ತಿರುಳನ್ನು ಮನೆಮಾತಿನಲ್ಲಿ ಹೀಗೆ ಹೇಳಬಹುದು: ಮುಂದೆ ದೊರೆಯುವ ಗಾಳಿ ಬಲವಾದುದೆಂದು ನಂಬುಗೆಯಿದ್ದರೆ, ಈಗಿನ ದುರ್ಬಲ ಗಾಳಿಯಲ್ಲಿ ಕಾಲ ಕಳೆಯದೆ ವೇಗವಾಗಿ ಹೋಗು. ಮುಂದಿನದು ದುರ್ಬಲವೆಂದು ತೋರಿದರೆ, ಈಗ ಸಿಕ್ಕಿದ್ದನ್ನು ಕೊನೆಯ ಹನಿಯವರೆಗೂ ಬಳಸಿಕೋ, ಮೆಲ್ಲನೆ ಸಾಗು.

ಕೇಳಲು ಇದು ಸುಲಭವೇ. ಕಷ್ಟವಿರುವುದು ದಿನ ಬದಲಾದುದನ್ನು ಒಪ್ಪಿಕೊಳ್ಳುವುದರಲ್ಲಿ. ಪಂದ್ಯಗಳಲ್ಲಿ ನಡುದಾರಿಯಲ್ಲೇ ಇಳಿದುಬಿಡುವವರಲ್ಲಿ ಅನೇಕರು ಅಂಜುಬುರುಕರಲ್ಲ, ಅನನುಭವಿಗಳೂ ಅಲ್ಲ. ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಸೊಗಸಾಗಿ ಹಾರಿದವರು, ಮೂರು ಗಂಟೆಗೆ ಮೋಡ ಕವಿದಮೇಲೂ ಅದೇ ಲೆಕ್ಕವನ್ನಿಟ್ಟುಕೊಂಡು ಓಡಿದವರು ಅವರು. "ಇದು ದುರ್ಬಲ ಗಾಳಿ, ಇದರಲ್ಲಿ ನಿಲ್ಲುವುದೇ?" ಎಂದು ತಾತ್ಸಾರದಿಂದ ಬಿಟ್ಟು ಮುಂದೆ ಹೋದರು, ಮುಂದೆ ಅಷ್ಟೂ ಇರಲಿಲ್ಲ. ಒಳ್ಳೆಯ ಕಾಲದ ರೂಢಿಯನ್ನು ಕೆಟ್ಟ ಕಾಲಕ್ಕೆ ಒಯ್ಯುವ ಈ ತಪ್ಪನ್ನು ನಾವು ನೆಲದ ಮೇಲೆಯೂ ಎಷ್ಟು ಮನೆಗಳಲ್ಲಿ ಕಂಡಿಲ್ಲ!

ಗಾಳಿ ಕೆಡುವ ಬಗೆಗಳು ಹಲವು. ಅವನ್ನೂ ನಮ್ಮ ಆಕಾಶದಲ್ಲಿಯೇ ನೋಡಬಹುದು. ಕೆಲವು ದಿನ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಪಾತ್ರೆಯ ಮುಚ್ಚಳದಂತೆ ಕುಳಿತಿರುತ್ತದೆ; ಕೆಳಗಿನ ಕಂಬಗಳು ಅಲ್ಲಿಗೆ ತಾಗಿ ನಿಂತುಬಿಡುತ್ತವೆ. ಅಂತಹ ದಿನ ಮೋಡವೂ ಕಟ್ಟದು. ಹತ್ತಿಯ ಹಿಂಜಿನಂತಹ ಬಿಡಿ ಮೋಡವಿದ್ದರೆ ಅದರ ಕೆಳಗೆ ಏರುಗಾಳಿಯಿದೆಯೆಂದು ತಿಳಿಯಬಹುದು; ಬರಿಯ ನೀಲಿ ಆಕಾಶದಲ್ಲಿ ಗುರುತೆಲ್ಲಿ? ಆಗ ನೆಲವನ್ನೇ ಓದಬೇಕು. ನೀರುಂಡ ಹಸಿರು ಕಬ್ಬಿನ ಹೊಲ ಬಿಸಿಲನ್ನು ನೀರು ಆರಿಸುವುದಕ್ಕೇ ವೆಚ್ಚಮಾಡುತ್ತದೆ. ಅದರ ಮೇಲೆ ಗಾಳಿ ಏಳುವುದು ಕಡಿಮೆ. ನೇಗಿಲು ಹೊಡೆದು ಒಣಗಿದ ಎರೆಹೊಲ, ಊರಿನ ಮನೆಗಳ ಗುಂಪು, ಗೋಕಾಕದ ಬಂಡೆಗಲ್ಲಿನ ಗುಡ್ಡ, ಇವು ಬೇಗ ಕಾಯುತ್ತವೆ. ಒಂದೇ ಊರಿನಲ್ಲಿ ಕಾಲುವೆಯ ಈ ಬದಿಗೆ ಏರುಗಾಳಿ, ಆ ಬದಿಗೆ ಇಳಿಗಾಳಿ ಇರಬಹುದು.

ಇನ್ನೊಂದು ಬಗೆಯ ಕೆಡುಕು ಹೆಚ್ಚಾದುದರಿಂದ ಬರುವುದು. ಅಡ್ಡಮಳೆಯ ದಿನಗಳಲ್ಲಿ ಮಧ್ಯಾಹ್ನದ ಮೋಡವು ಬೆಟ್ಟದಂತೆ ಬೆಳೆದು, ನೆತ್ತಿ ಹರಡಿಕೊಂಡು, ಹತ್ತಾರು ಊರುಗಳಿಗೆ ನೆರಳು ಕವಿಸುತ್ತದೆ. ನೆರಳಿನಲ್ಲಿ ನೆಲ ತಣ್ಣಗಾಗಿ ಕಂಬಗಳು ಸಾಯುತ್ತವೆ. ಮೋಡದ ಬುಡದಲ್ಲಿ ಮಾತ್ರ ಅತಿಬಲವಾದ ಏರುಗಾಳಿ ಉಳಿದಿರುತ್ತದೆ. ಆ ಆಶೆಗೆ ಒಳಗಾದರೆ ಗುಡುಗು ಮೋಡವು ಗ್ಲೈಡರನ್ನು ನುಂಗಿಬಿಡಬಹುದು. 1926ರಲ್ಲಿ ಜರ್ಮನಿಯ ಮ್ಯಾಕ್ಸ್ ಕೇಗೆಲ್ ಎಂಬುವರನ್ನು ಗುಡುಗು ಮೋಡವೊಂದು ಹೀಗೆಯೇ ಸೆಳೆದುಕೊಂಡು, ಹೊರಟ ಸ್ಥಳದಿಂದ 55 ಕಿಲೋಮೀಟರು ದೂರಕ್ಕೆ ಒಯ್ದು ಬಿಟ್ಟಿತು. ಬದುಕಿ ಬಂದರು, ದಾಖಲೆಯೂ ಆಯಿತು. ಆದರೆ ಅದು ಅನುಕರಿಸತಕ್ಕ ಉದಾಹರಣೆಯಲ್ಲ.

ಕೆಟ್ಟ ಗಾಳಿಯ ಪಂದ್ಯವೆಂದರೆ ಹಳಬರು ಇಂದಿಗೂ ನೆನೆಯುವುದು 1954ರ ವಿಶ್ವಪಂದ್ಯವನ್ನು. ಇಂಗ್ಲೆಂಡಿನ ಡರ್ಬಿಶೈರಿನ ಗುಡ್ಡಸೀಮೆಯಲ್ಲಿ, ಕ್ಯಾಂಪ್‌ಹಿಲ್ ಎಂಬಲ್ಲಿ, ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಅದು ನಡೆಯಿತು. ನಾನಾ ದೇಶಗಳಿಂದ ತಮ್ಮ ವಿಮಾನಗಳನ್ನು ಬಂಡಿಗಳ ಮೇಲೆ ಹೇರಿಕೊಂಡು ಬಂದ ನಿಪುಣರು ಮಳೆಯನ್ನೂ ತಗ್ಗು ಮೋಡವನ್ನೂ ನೋಡುತ್ತ ದಿನಗಳನ್ನು ಕಳೆದರು. ಎರಡು ವಾರಗಳಲ್ಲಿ ಪಂದ್ಯವೆಂದು ಎಣಿಕೆಗೆ ಬಂದುದು ನಾಲ್ಕೇ ದಿನ. ಕೊನೆಗೆ ಫ್ರಾನ್ಸಿನ ಜೆರಾರ್ ಪಿಯೆರ್ ಎಂಬುವರು ವಿಶ್ವವಿಜೇತರಾದರು. ಇಂತಹ ಪಂದ್ಯದಲ್ಲಿ ಹಾರುವುದಕ್ಕಿಂತ ಕಾಯುವುದೇ ದೊಡ್ಡ ಪರೀಕ್ಷೆಯೆಂದು ನಮಗೆ ತೋರುತ್ತದೆ. ದಿನಗಟ್ಟಲೆ ಕಾಯ್ದು, ನಾಲ್ಕು ದಿನ ಹಾರಿ, ಆ ನಾಲ್ಕರಲ್ಲಿಯೂ ಸಿಕ್ಕಷ್ಟರಲ್ಲಿ ತೃಪ್ತನಾಗಿ ಮುಂದೆ ಸಾಗಬೇಕು. ತಾಳಿದವನು ಬಾಳಿಯಾನು ಎಂಬುದಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಡ.

ಈ ವಿದ್ಯೆಯ ಹುಟ್ಟೇ ಇಲ್ಲದುದರಿಂದ ಆಯಿತೆಂಬುದೂ ನೆನಪಿಡತಕ್ಕ ಸಂಗತಿ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ 1919ರ ಒಪ್ಪಂದವು ಎಂಜಿನಿನ ವಿಮಾನಗಳ ವಿಷಯದಲ್ಲಿ ಕಠಿನವಾದ ನಿರ್ಬಂಧಗಳನ್ನು ಹಾಕಿತು. ಅಲ್ಲಿಯ ತರುಣರು 1920ರಿಂದ ವಾಸರ್‌ಕುಪ್ಪೆ ಎಂಬ ಗುಡ್ಡದ ಮೇಲೆ ವರ್ಷವರ್ಷವೂ ನೆರೆದು ಎಂಜಿನಿಲ್ಲದೆ ಹಾರುವುದನ್ನು ಅಭ್ಯಾಸಮಾಡಿದರು. ಗಾಳಿಯನ್ನೂ ರೆಕ್ಕೆಯನ್ನೂ ಕುರಿತ ಶಾಸ್ತ್ರವು ಅದೇ ದೇಶದ ಗೊಟ್ಟಿಂಗೆನ್ ನಗರದಲ್ಲಿ ಲುಡ್ವಿಗ್ ಪ್ರಾಂಟಲ್ ಎಂಬ ಆಚಾರ್ಯರ ಕೈಯಲ್ಲಿ ಬೆಳೆಯಿತು.

ಆ ಆಚಾರ್ಯರ ಬಳಿಗೆ ಹೋಗಿ ಕಲಿತು, 1936ರಲ್ಲಿ ಡಾಕ್ಟರ್ ಪದವಿ ಪಡೆದವರಲ್ಲಿ ಒಬ್ಬರು ನಮ್ಮ ನೆರೆಯವರೇ. ನಿಡಸೋಸಿಯಿಂದ ಪಡುವಣಕ್ಕೆ, ಸಂಕೇಶ್ವರವನ್ನು ದಾಟಿ ಹಿರಣ್ಯಕೇಶಿ ನದಿಯ ಸೀಮೆಯಲ್ಲಿ ಸ್ವಲ್ಪ ದೂರ ಹೋದರೆ ಗಡಹಿಂಗ್ಲಜ. ಅದರ ಬಳಿಯ ಹಸೂರ ಚಂಪೂ ಎಂಬ ಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ವಿಷ್ಣು ಮಾಧವ ಘಾಟಗೆಯವರೇ ಆ ಮಹನೀಯರು. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ ವಿಮಾನ ಕಾರ್ಖಾನೆ ಸ್ಥಾಪಿತವಾದಮೇಲೆ, ಎರಡನೆಯ ಮಹಾಯುದ್ಧದ ಆ ದಿನಗಳಲ್ಲಿ, ಅಲ್ಲಿ ಅವರು ರೂಪಿಸಿದುದು ಎಂಜಿನಿನ ವಿಮಾನವನ್ನಲ್ಲ. ಹತ್ತು ಜನ ಸೈನಿಕರು ಕೂರಬಹುದಾದ ಗ್ಲೈಡರನ್ನು. ಅಂತಹುದು ಒಂದೇ ತಯಾರಾಯಿತು. ಆದರೆ ಅಲ್ಲಿಂದ ಮುಂದೆ ಅವರ ಕೈ ನಿಲ್ಲಲಿಲ್ಲ: 1951ರಲ್ಲಿ ಹಾರಿದ ಎಚ್‌ಟಿ-2 ಎಂಬ ತರಬೇತಿ ವಿಮಾನ, ಆಮೇಲೆ ಪುಷ್ಪಕ, ಕೃಷಕ, ಕಿರಣ ಮೊದಲಾದವು ಅವರ ನೇತೃತ್ವದಲ್ಲಿ ಬಂದವು. ಇತ್ತ ಭಾರತ ಸರ್ಕಾರದ ವಿಮಾನಯಾನ ಇಲಾಖೆಯಲ್ಲಿ ರಾಮಾಮೃತಂ ಎಂಬುವರು ಅಶ್ವಿನಿ, ರೋಹಿಣಿ, ಕಾರ್ತಿಕ ಎಂದು ನಕ್ಷತ್ರ ಮಾಸಗಳ ಹೆಸರುಳ್ಳ ಗ್ಲೈಡರುಗಳನ್ನು ರೂಪಿಸಿದರು. ಪುಣೆಯ ಹಡಪಸರದ ಗ್ಲೈಡಿಂಗ್ ಕೇಂದ್ರವೂ ಅದೇ ಇಲಾಖೆಯದಾಗಿತ್ತು. ಹಿರಣ್ಯಕೇಶಿಯ ಸೀಮೆಯ ಹುಡುಗನಿಗೆ ಆಕಾಶದ ಹಂಬಲ ಹೊಸದಲ್ಲವೆಂಬುದನ್ನು ಹೇಳಲು ಇಷ್ಟನ್ನು ಬರೆದೆವು.

ಇನ್ನು ತಾಯಿಯ ಭಯದ ಮಾತು. ಅದನ್ನು ನಾವು ಹಗುರವಾಗಿ ಕಾಣಲಾರೆವು. ಈ ವಿದ್ಯೆಯ ಮೂಲಪುರುಷರೆನಿಸಿದ ಆಟೋ ಲಿಲಿಯೆಂಟಾಲರು 1896ರಲ್ಲಿ ತಮ್ಮ ಗ್ಲೈಡರಿನಿಂದ ಬಿದ್ದೇ ತೀರಿಕೊಂಡರು. ಮೇಲೆ ಹೇಳಿದ ಕ್ರೋನ್‌ಫೆಲ್ಡರೂ 1948ರಲ್ಲಿ ಹೊಸ ಬಗೆಯ ಗ್ಲೈಡರೊಂದನ್ನು ಪರೀಕ್ಷಿಸುತ್ತಿರುವಾಗ ಮಡಿದರು. ಅಪಾಯವಿಲ್ಲವೆಂದು ಹೇಳುವವನು ಗುರುವಲ್ಲ. ಆದರೆ ಅಪಾಯವು ಎಲ್ಲಿ ಅಡಗಿದೆಯೆಂಬುದನ್ನು ತಿಳಿದರೆ ಅರ್ಧ ಕಾವಲು ಸಿಕ್ಕಂತೆ. ಗಾಳಿ ಕೆಟ್ಟ ದಿನ ಊರೂರಿಗೆ ಹಾರುವವನಿಗೆ ಮುಖ್ಯವಾದ ಅಪಾಯವು ಗಾಳಿಯಿಲ್ಲದುದರಲ್ಲಿಲ್ಲ; ಇಳಿಯುವ ನಿರ್ಧಾರವನ್ನು ತಡಮಾಡುವುದರಲ್ಲಿದೆ.

ಅದಕ್ಕಾಗಿ ಶಿಷ್ಯರಿಗೆ ಒಂದು ಕಟ್ಟಳೆಯನ್ನು ಕಲಿಸುವರು. ನೆಲದಿಂದ ಸುಮಾರು 600 ಮೀಟರಿಗೆ ಇಳಿದಾಗ, ಇಳಿಯಲು ತಕ್ಕ ಸೀಮೆ ಯಾವುದೆಂದು ನೋಡಿಕೊಳ್ಳಬೇಕು. 450 ಮೀಟರಿಗೆ ಬಂದಾಗ ಇಂತಹುದೇ ಹೊಲವೆಂದು ಆರಿಸಬೇಕು. 300 ಮೀಟರಿಗೆ ಬಂದಾಗ ಏರುವ ಆಶೆಯನ್ನು ಬಿಟ್ಟು ಇಳಿಯುವ ಸುತ್ತನ್ನು ಹಿಡಿಯಬೇಕು. ಆಮೇಲೆ ಪಕ್ಕದಲ್ಲೇ ಹದ್ದು ಸುತ್ತುತ್ತಿದ್ದರೂ ಆ ಕಡೆಗೆ ಹೋಗಕೂಡದು. ಉಳಿದ ಆ 300 ಮೀಟರು ಬಿತ್ತನೆಯ ಬೀಜವಿದ್ದಂತೆ. ಹಸಿವೆಯೆಂದು ಅದನ್ನು ಬೀಸಿ ರೊಟ್ಟಿ ಮಾಡಿಕೊಳ್ಳುವಂತಿಲ್ಲ.

ಹೊಲವನ್ನು ಆರಿಸುವುದೂ ಸುಲಭವಲ್ಲ. ನಮ್ಮ ಸೀಮೆಯ ಮೇಲೆ ಯಾರಾದರೂ ಇಳಿಯಬೇಕಾಗಿ ಬಂತೆನ್ನೋಣ. ಮೇಲಿನಿಂದ ಕಬ್ಬಿನ ಹೊಲ ಹಸಿರು ಜಮಖಾನದಂತೆ ಕಾಣುತ್ತದೆ. ಅದರಲ್ಲಿಳಿದರೆ ಆಳೆತ್ತರದ ಜಲ್ಲೆಗಳ ನಡುವೆ ರೆಕ್ಕೆ ಮುರಿಯುವುದು ನಿಶ್ಚಯ. ಕಟ್ಟೆಯಿಲ್ಲದ ದೊಡ್ಡ ಬಾವಿಗಳು, ಹೊಲದ ಬದುಗಳು, ಕಲ್ಲಿನ ಗುಡ್ಡೆಗಳು ಬೇರೆ. ಎಲ್ಲಕ್ಕಿಂತ ಕೇಡು ವಿದ್ಯುತ್ತಿನ ತಂತಿ. ಮೇಲಿನಿಂದ ತಂತಿ ಕಾಣುವುದಿಲ್ಲ, ಕಂಬಗಳನ್ನು ನೋಡಿ ತಂತಿಯನ್ನು ಊಹಿಸಬೇಕು. ಜೋಳ ಕೊಯ್ದು ಕೂಳೆ ಮಾತ್ರ ಉಳಿದ, ಸಮತಟ್ಟಾದ, ಗಾಳಿಗೆ ಎದುರಾಗಿ ಉದ್ದವಿರುವ ಹೊಲ ಉತ್ತಮ. ಅದನ್ನು ಗುರುತಿಸಲು ರೈತನ ಮಗನಿಗೆ ಪಟ್ಟಣದ ಹುಡುಗನಿಗಿಂತ ಕಣ್ಣು ಚುರುಕಿರುತ್ತದೆಂಬುದು ನಮ್ಮ ನಂಬಿಕೆ.

ಹೀಗೆ ನಡುದಾರಿಯಲ್ಲಿ ಇಳಿಯುವುದನ್ನು ಆ ಆಟದವರು ಅವಮಾನವೆಂದು ಎಣಿಸುವುದಿಲ್ಲ. ವಿಶ್ವವಿಜೇತರೂ ಎಷ್ಟೋ ಸಲ ಅಪರಿಚಿತ ಹೊಲಗಳಲ್ಲಿಳಿದವರೇ. ಮೊದಲು ಹೊಲದ ಒಡೆಯನನ್ನು ಕಂಡು ನಮಸ್ಕರಿಸುವುದು, ತನ್ನವರಿಗೆ ಸುದ್ದಿ ಮುಟ್ಟಿಸುವುದು, ರೆಕ್ಕೆಗಳನ್ನು ಬಿಚ್ಚಿ ಬಂಡಿಗೆ ಹೇರಲು ಅವರು ಬರುವವರೆಗೆ ಕಾಯುವುದು, ಮಾರನೆಯ ದಿನ ಮತ್ತೆ ಹಾರುವುದು. ಆ ದಿನದ ಅಂಕ ಕಡಿಮೆಯಾದೀತು. ಪಂದ್ಯ ಉಳಿದಿರುತ್ತದೆ, ಆಳೂ ಉಳಿದಿರುತ್ತಾನೆ. ಗಾದೆಯು ಹೇಳದೆ ಬಿಟ್ಟ ಅರ್ಧ ನಮಗೆ ಇಲ್ಲಿ ದೊರೆಯಿತು. ಗಾಳಿ ಬಂದಾಗ ತೂರಿಕೊಳ್ಳುವುದು ಸರಿ. ಗಾಳಿ ಕಡಿಮೆಯಾದಾಗ ಸಿಕ್ಕಷ್ಟನ್ನು ಕಡೆಗಣಿಸಕೂಡದು. ಗಾಳಿ ನಿಂತೇಹೋದಾಗ, ಕೈಯಲ್ಲಿ ಇನ್ನೂ ಸ್ವಲ್ಪ ಇರುವಾಗಲೇ, ಒಳ್ಳೆಯ ನೆಲ ನೋಡಿ ಇಳಿದುಬಿಡಬೇಕು. ವ್ಯಾಪಾರವೊಂದು ಕುಸಿಯುತ್ತಿರುವುದನ್ನು ಕಂಡೂ, ಮರ್ಯಾದೆಗಂಜಿ, ಮನೆಯೊಡತಿಯ ಕೊರಳಿನ ಸರವನ್ನೂ ಅದಕ್ಕೇ ಹಾಕಿ ಕೈಸುಟ್ಟುಕೊಂಡವರು ನಮ್ಮ ಕಣ್ಣ ಮುಂದೆಯೇ ಇದ್ದಾರೆ. ಅವರಿಗೆ ಧೈರ್ಯ ಕಡಿಮೆಯಿರಲಿಲ್ಲ. ಇಳಿಯುವ ಧೈರ್ಯವೊಂದು ಇರಲಿಲ್ಲ.

ಎಂಟನೆಯ ದಿನ ತಾಯಿಯೂ ಮಗನೂ ನಮ್ಮ ಕಟ್ಟೆಗೆ ಬಂದರು. ಓದಿದುದನ್ನೆಲ್ಲ ಹೇಳಿದೆವು. ಲಿಲಿಯೆಂಟಾಲರ ಮರಣವನ್ನೂ ಬಚ್ಚಿಡಲಿಲ್ಲ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ ಮಗನ ಕಡೆಗೆ ತಿರುಗಿ ಕೇಳಿದಳು:

"ಉಳದಾವ್ರು ಮ್ಯಾಲ ಹಾರತಿರ್ತಾರ, ನಿನಗಷ್ಟ ಗಾಳಿ ಸಿಗಂಗಿಲ್ಲ. ಆವಾಗ ನಾ ಸೋತೆ ಅಂತ ಹೇಳಿ ಮೊದಲ ಇಳದ ಬರತೀಯೇನ?"

ಹುಡುಗ ತಟ್ಟನೆ ಉತ್ತರ ಕೊಡಲಿಲ್ಲ. ಅದು ನಮಗೆ ಮೆಚ್ಚಿಕೆಯಾಯಿತು. ತಟ್ಟನೆ ಹೂಂ ಎಂದಿದ್ದರೆ ನಾವು ನಂಬುತ್ತಿರಲಿಲ್ಲ. ನೆಲ ನೋಡುತ್ತ ಸ್ವಲ್ಪ ಹೊತ್ತು ಕುಳಿತಿದ್ದು ಆಮೇಲೆ ಹೇಳಿದನು:

"ಅದು ಕಠಿಣ ಐತಿ, ಯವ್ವಾ. ಕಲೀತೀನಿ."

"ಮೊದಲ ಅದನ್ನ ಕಲಿ. ಆಮ್ಯಾಲ ಹಾರೂದ ಕಲಿಯಾಕಂತ" ಎಂದು ಹೇಳಿ ಆಕೆ ಎದ್ದಳು. ಎಮ್ಮೆ ಹಿಂಡುವ ಹೊತ್ತಾಗಿತ್ತು. ಅಪ್ಪಣೆ ಕೊಟ್ಟಳೋ ಇಲ್ಲವೋ ಎಂದು ಹುಡುಗ ನಮ್ಮ ಮುಖ ನೋಡಿದನು. ನಾವು ಮೇಲೆ ನೋಡಿದೆವು. ಬಿಸಿಲಿಳಿದು ಹದ್ದುಗಳೆಲ್ಲವೂ ಮರಕ್ಕೆ ಮರಳಿದ್ದವು.